ಮೇಜಿನಿಂದ ಹಾರಿದ ಉಗಿಬಂಡಿ

ಕಳೆದ ವರ್ಷ ದೀಪಾವಳಿ ಬಟ್ಟೆಗಳ ಗಡಿಬಿಡಿ ಮುಗಿದ ಮೇಲಿನ ಮೊದಲ ಭಾನುವಾರ. ಚನ್ನಗಿರಿಯಲ್ಲಿ ನನ್ನದೊಂದು ಲೇಡೀಸ್ ಟೈಲರ್ ಅಂಗಡಿ ಇದೆ. ಆ ದಿನ ಬಾಗಿಲಿಗೆ ‘ಇಂದು ರಜೆ’ ಎಂದು ಬರೆದು ಅಂಟಿಸಿ, ಒಳಗೆ ಬಟ್ಟೆ ಕತ್ತರಿಸುವ ಮೂರು ಮೇಜುಗಳನ್ನು ಜೋಡಿಸಿಕೊಂಡು, ಅವುಗಳ ಮೇಲೆ ಪುಟ್ಟ ರೈಲು ಹಳಿ ಹಾಸುತ್ತಾ ಕುಳಿತಿದ್ದೆ.

ನಗಬೇಡಿ. ಮಗಳಿಗೆಂದು ತಂದ ಬ್ಯಾಟರಿ ರೈಲನ್ನು ಅವಳು ಎರಡೇ ದಿನಕ್ಕೆ ಮೂಲೆಗೆ ಎಸೆದಳು. ನನಗೆ ಮಾತ್ರ ಅದನ್ನು ಬಿಡಲಾಗಲಿಲ್ಲ. ಮೊಬೈಲಿನಲ್ಲಿ ಮಾದರಿ ರೈಲುಗಳ ವಿಡಿಯೋ ನೋಡುತ್ತಾ, ಉಳಿದ ಚೂರು ಬಟ್ಟೆಯಲ್ಲಿ ಗುಡ್ಡ, ಮರ, ಸ್ಟೇಷನ್ ಮಾಡುತ್ತಾ ಹೋದೆ. ಆ ವಿಡಿಯೋಗಳ ಕೆಳಗೆ ಕಾಮೆಂಟು ಹಾಕುತ್ತಲೇ ನನ್ನಂಥ ಮೂವರು ಹುಚ್ಚರ ಪರಿಚಯವಾಯಿತು. ಹೊನ್ನಾಳಿಯ ರುದ್ರಪ್ಪ ಮೇಷ್ಟ್ರು, ನಿವೃತ್ತ ಡ್ರಾಯಿಂಗ್ ಮಾಸ್ತರು. ನ್ಯಾಮತಿಯಲ್ಲಿ ಮೈಕ್ ಸೆಟ್ ಅಂಗಡಿ ಇಟ್ಟಿರುವ ಇಲಿಯಾಸಣ್ಣ. ಜಗಳೂರು ತಾಲ್ಲೂಕು ಬಿಳಿಚೋಡಿನ ತಿಪ್ಪೇಸ್ವಾಮಿ, ಖಾಸಗಿ ಬಸ್ಸಿನ ಡ್ರೈವರ್. ತಮಾಷೆಯೆಂದರೆ, ನಮ್ಮ ನಾಲ್ವರ ಊರಲ್ಲೂ ರೈಲ್ವೆ ಸ್ಟೇಷನ್ ಇಲ್ಲ! ರೈಲು ನೋಡಬೇಕೆಂದರೆ ಬಸ್ಸು ಹತ್ತಬೇಕು.

ಅವತ್ತು ಮೇಷ್ಟ್ರು ಪರದೇಶದಿಂದ ತರಿಸಿದ ಉಗಿ ಎಂಜಿನ್ ಬರುವುದಿತ್ತು. ಕರೆಂಟಿನಲ್ಲಿ ಓಡಿದರೂ ನಿಜವಾದ ಉಗಿ ಎಂಜಿನ್ನಿನಂತೆಯೇ ಸದ್ದು ಮಾಡುವಂಥದ್ದು. ವರ್ಷಗಟ್ಟಲೆ ಕಾದು ತರಿಸಿದ್ದರು. ಬೆಳಿಗ್ಗೆಯಿಂದ ಹತ್ತು ಸಲ ಬಾಗಿಲಿಗೆ ಹೋಗಿ ನೋಡಿ ಬಂದಿದ್ದೆ.

ಮೇಷ್ಟ್ರು ಪೆಟ್ಟಿಗೆಯನ್ನು ಎಳೆಗೂಸಿನ ಹಾಗೆ ಎದೆಗವಚಿಕೊಂಡು ಬಂದರು. ತೆರೆದಾಗ, ಅಷ್ಟರಲ್ಲಿ ಬಂದು ಸೇರಿದ್ದ ಇಲಿಯಾಸಣ್ಣ, ತಿಪ್ಪೇಸ್ವಾಮಿ ಇಬ್ಬರೂ ಮೇಜಿಗೆ ಬಗ್ಗಿದರು. ನನ್ನ ಮೊಣಕೈಯಿಂದ ಬೆರಳ ತುದಿಯವರೆಗಿನಷ್ಟು ಉದ್ದದ ಕಪ್ಪು ಎಂಜಿನ್, ಹಿಂದೆ ಕಲ್ಲಿದ್ದಲು ತುಂಬುವ ಬಂಡಿ. ಒಂದೊಂದು ಮೊಳೆಯೂ ಕಾಣುತ್ತಿತ್ತು. ಹಳಿಯ ಮೇಲಿಟ್ಟು ಗುಂಡಿ ಒತ್ತಿದರು. ಮೊದಲು ಸುಯ್ಯ್ ಎಂದು ಉಗಿ ಬಿಟ್ಟಂಥ ಸದ್ದು. ಆಮೇಲೆ ಒಂದು ಸೀಟಿ. ಆಮೇಲೆ ಛುಕ್... ಛುಕ್... ಛುಕ್... ಎನ್ನುತ್ತಾ ಹೊರಟೇಬಿಟ್ಟಿತು! ನನಗೆ ಮೈಯೆಲ್ಲ ಜುಮ್ಮೆಂದಿತು.

ಎರಡು ಸುತ್ತು ಮುಗಿಯುವಷ್ಟರಲ್ಲಿ ಅಭಿಪ್ರಾಯಗಳು ಶುರುವಾದವು. ಇಲಿಯಾಸಣ್ಣ ಕಣ್ಣು ಮುಚ್ಚಿಕೊಂಡು ಕಿವಿಯನ್ನು ಮೇಜಿಗೆ ಹಚ್ಚಿದರು. “ಚಕ್ರ ಒಂದ್ ಸುತ್ತು ತಿರುಗಿದ್ರೆ ನಾಲ್ಕ್ ಸಲ ಛುಕ್ ಅನ್ಬೇಕು. ಕರೆಕ್ಟಾಗಿ ಐತೆ ನೋಡ್ರಿ. ಆದ್ರೆ ಸ್ಪೀಕರ್ ಉಗುರಿನಷ್ಟೈತೆ, ದಪ್ಪ ಬೇಸ್ ಸೌಂಡ್ ಎಲ್ಲಿಂದ ಬರ್ಬೇಕು?” ಎಂದರು.

“ಸೀಟಿ ಕೇಳ್ರಿ, ನಮ್ಮನೆ ಕುಕ್ಕರ್ ಕೂಗಿದಂಗೈತೆ,” ಎಂದರು ತಿಪ್ಪೇಸ್ವಾಮಿ. “ಇದರ ರೊಕ್ಕಕ್ಕೆ ಎರಡು ಎಮ್ಮೆ ಬರ್ತಿದ್ವಲ್ರೀ ಮೇಷ್ಟ್ರೇ!”

“ಎಮ್ಮೆ ಹಿಂಗೆ ಛುಕುಛುಕು ಅಂತಾವೇನಪ್ಪಾ?” ಎಂದರು ಮೇಷ್ಟ್ರು. ನಕ್ಕೂ ನಕ್ಕೂ ನನಗೆ ಹೊಟ್ಟೆ ನೋವು ಬಂತು.

ತಿಪ್ಪೇಸ್ವಾಮಿ ಅಷ್ಟಕ್ಕೇ ಬಿಡಲಿಲ್ಲ. “ನಾನು ದಿನಾ ಬಸ್ ಓಡಿಸೋನು. ಜನ ತುಂಬಿದಾಗ ಎಂಜಿನ್ ಸದ್ದು ದಪ್ಪ ಆಗ್ತೈತೆ. ಇದು ಖಾಲಿ ಇದ್ರೂ ಅಷ್ಟೇ, ಲೋಡ್ ಇದ್ರೂ ಅಷ್ಟೇ. ಅಲ್ಲಿಗೆ ಇದು ಆಟದ ಸಾಮಾನೇ,” ಎಂದರು.

ಮೇಷ್ಟ್ರ ಮುಖ ಕೆಂಪಾಯಿತು. “ಲೋಡ್ ಹಾಕಿ ನೋಡೇಬಿಡಾಣ!” ಎಂದು ನಮ್ಮೆಲ್ಲರ ಬೋಗಿಗಳನ್ನು ಸೇರಿಸಿ ಎಂಟನ್ನು ಹಿಂದೆ ಕಟ್ಟಿದರು. ಆಮೇಲೆ ಎಂಜಿನ್ ಓಡಿಸುವ, ವೇಗದ ಗುಂಡಿಯಿದ್ದ ಪುಟ್ಟ ಯಂತ್ರವನ್ನು ನನ್ನ ಕೈಗೆ ಕೊಟ್ಟರು. “ನೀನು ಓಡಿಸವ್ವಾ ಸುಮಾ. ಹಳಿ ಹಾಕಿದಾಕಿ ನೀನು.”

ನನ್ನ ಜೀವನದಲ್ಲಿ ನಾನು ಹೊಲಿಗೆ ಯಂತ್ರ ಬಿಟ್ಟರೆ ಬೇರೇನನ್ನೂ ಓಡಿಸಿದವಳಲ್ಲ. ಗುಂಡಿ ತಿರುಗಿಸಿದೆ. ಎಂಜಿನ್ ಒಂದು ಕ್ಷಣ ಉಸಿರು ಹಿಡಿದ ಹಾಗೆ ನಿಂತು, ನಂತರ ಗಂಭೀರವಾಗಿ ಛುಫ್... ಛುಫ್... ಎಂದಿತು. ಸದ್ದು ನಿಜಕ್ಕೂ ದಪ್ಪವಾಗಿತ್ತು! “ಕೇಳ್ರಿ, ಕೇಳ್ರಿ!” ಎಂದು ಮೇಷ್ಟ್ರು ಕೂಗಿದರು. ನನಗೆ ಇನ್ನಷ್ಟು ಕೇಳುವ ಆಸೆ. ಇನ್ನೊಂದಿಷ್ಟು ತಿರುಗಿಸಿದೆ. ಮತ್ತೂ ತಿರುಗಿಸಿದೆ.

“ಸ್ಲೋ ಮಾಡ್ರಿ ಅಕ್ಕಾ!” ಎಂದರು ಇಲಿಯಾಸಣ್ಣ. ನಾನು ಗಾಬರಿಯಲ್ಲಿ ತಿರುಗಿಸಿದ್ದು ಉಲ್ಟಾ ಕಡೆಗೆ.

ಮೂರನೇ ಮೇಜಿನ ತಿರುವಿನಲ್ಲಿ ಎಂಜಿನ್ ಹಳಿ ಬಿಟ್ಟಿತು. ನಾನು ಬಟ್ಟೆಯಲ್ಲಿ ಮಾಡಿದ್ದ ಗುಡ್ಡವನ್ನು ಉರುಳಿಸಿಕೊಂಡು ನೇರವಾಗಿ ಮೇಜಿನ ಅಂಚು ದಾಟಿತು. ಕೆಳಗೆ ಸಿಮೆಂಟ್ ನೆಲ. ನಾನು ಕಣ್ಣು ಮುಚ್ಚಿದೆ.

ಧೊಪ್ಪೆಂದು ಶಬ್ದವಾಯಿತು. ಕಣ್ಣು ತೆರೆದರೆ ನೆಲದ ಮೇಲೆ ಬಿದ್ದಿದ್ದದ್ದು ಎಂಜಿನ್ ಅಲ್ಲ, ತಿಪ್ಪೇಸ್ವಾಮಿ! ಉದ್ದಕ್ಕೆ ಮಲಗಿದ್ದರು. ಮೊಣಕೈ ತರಚಿ ರಕ್ತ ಬರುತ್ತಿತ್ತು. ಎರಡೂ ಕೈಗಳಲ್ಲಿ ಎಂಜಿನ್ ಭದ್ರವಾಗಿತ್ತು. ಬೋಗಿಗಳು ಕಳಚಿಕೊಂಡು ಮೇಜಿನ ಮೇಲೇ ಉರುಳಿದ್ದವು; ಕಲ್ಲಿದ್ದಲಿನ ಬಂಡಿ ಮಾತ್ರ ಕೂದಲಿನಂಥ ವೈರುಗಳಿಂದ ಎಂಜಿನ್ನಿಗೆ ಜೋತಾಡುತ್ತಿತ್ತು.

“ಕುಕ್ಕರ್ ಅಂದಿದ್ಯಲ್ಲೋ ಮಾರಾಯಾ!” ಎಂದರು ಇಲಿಯಾಸಣ್ಣ.

“ಕುಕ್ಕರೇ. ಹಂಗಂತ ಬೀಳಾಕೆ ಬಿಡಾಕಾಗುತ್ತೇನ್ರೀ?” ಎಂದರು ತಿಪ್ಪೇಸ್ವಾಮಿ, ಮಲಗಿದ್ದಲ್ಲಿಂದಲೇ.

ಎತ್ತಿ ಹಳಿಗಿಟ್ಟಾಗ ಚಕ್ರಗಳು ತಿರುಗಿದವು. ಸದ್ದು ಮಾತ್ರ ಇಲ್ಲ. ಛುಕ್ ಇಲ್ಲ, ಸೀಟಿ ಇಲ್ಲ. ಎಂಜಿನ್ ಮೂಕವಾಗಿತ್ತು. “ಮೇಷ್ಟ್ರೇ...” ಎನ್ನುತ್ತಾ ಓಡಿಸುವ ಯಂತ್ರವನ್ನು ಮೇಜಿನ ಮೇಲಿಟ್ಟೆ. ಅವರು ನನ್ನ ಕಡೆ ನೋಡಲೇ ಇಲ್ಲ. ಕನ್ನಡಕ ಒರೆಸಿಕೊಂಡು, “ಇಲಿಯಾಸ, ಬಿಚ್ಚಪ್ಪಾ,” ಎಂದರಷ್ಟೇ.

ಸ್ಪೀಕರ್ ಇರುವುದು ಕಲ್ಲಿದ್ದಲಿನ ಬಂಡಿಯಲ್ಲಂತೆ. ಅದರ ಒಂದು ವೈರು ಕಿತ್ತುಹೋಗಿತ್ತು. ಇಲಿಯಾಸಣ್ಣನ ಚೀಲದಲ್ಲಿ ಬೆಸುಗೆ ಹಾಕುವ ಸಾಮಾನು ಸದಾ ಇರುತ್ತದೆ. ಆದರೆ ದಪ್ಪ ಮೈಕ್ ವೈರು ಹಿಡಿದು ರೂಢಿಯಾದ ಅವರ ಬೆರಳಿಗೆ ಆ ಎಳೆ ಸಿಗುತ್ತಲೇ ಇರಲಿಲ್ಲ. ಮೂರು ಸಲ ಜಾರಿತು. “ಅಕ್ಕಾ, ಇದು ನಿಮ್ಮ ಕೆಲಸ. ಸೂಜಿಗೆ ದಾರ ಪೋಣಿಸ್ದಂಗೆ ಹಿಡ್ಕೊಳ್ರಿ,” ಎಂದರು.

ನಾನು ಕುರ್ಚಿ ಎಳೆದುಕೊಂಡು ಕುಳಿತೆ. ಆ ಎಳೆಯನ್ನು ಹಿಡಿದ ಕೂಡಲೇ, ಹೇಗೋ ಗೊತ್ತಿಲ್ಲ, ಬೆರಳುಗಳಿಗೆ ತಮ್ಮ ಕೆಲಸ ನೆನಪಾಯಿತು. ನಾನು ಉಸಿರು ಬಿಗಿಹಿಡಿದೆ. ಇಲಿಯಾಸಣ್ಣ ಬೆಸುಗೆ ಇಟ್ಟರು. ಸಣ್ಣಗೆ ಹೊಗೆಯೆದ್ದಿತು.

ಮುಚ್ಚಳ ಹಾಕಿ ಹಳಿಯ ಮೇಲಿಟ್ಟರು. ನಾನು ಹಿಂದೆ ಸರಿದು ಗೋಡೆಗೆ ಒರಗಿ ನಿಂತೆ. ಆಗ ಮೇಷ್ಟ್ರು ಓಡಿಸುವ ಯಂತ್ರ ಎತ್ತಿಕೊಂಡು ನೇರವಾಗಿ ನನ್ನ ಬಳಿ ಬಂದರು.

“ತಗಾ.”

“ಬ್ಯಾಡ್ರಿ ಮೇಷ್ಟ್ರೇ. ನನ್ ಕೈಯಾಗೆ ಮತ್ತೆ ಕೊಡಬ್ಯಾಡ್ರಿ.”

“ಅಲ್ಲವ್ವಾ, ಎಷ್ಟು ತಿರುವಿದ್ರೆ ಬೀಳ್ತೈತೆ ಅಂತ ಈ ರೂಮಿನಾಗೆ ಗೊತ್ತಿರೋದು ನಿನಗೊಬ್ಬಳಿಗೇ. ಇನ್ಯಾರ ಕೈಗೆ ಕೊಡ್ಲಿ?”

ನಾನು ನಗುತ್ತಲೂ ಅಳುತ್ತಲೂ ಗುಂಡಿ ತಿರುಗಿಸಿದೆ, ಈ ಸಲ ಎಳ್ಳಷ್ಟೇ. ಸುಯ್ಯ್ ಎಂದಿತು! ನಾಲ್ವರೂ ಒಟ್ಟಿಗೆ ಕೂಗಿದೆವು. ಎಂಟು ಬೋಗಿ ಎಳೆದುಕೊಂಡು, ಸೀಟಿ ಹಾಕುತ್ತಾ ಎಂಜಿನ್ ಅದೇ ತಿರುವನ್ನು ನಿಧಾನವಾಗಿ ದಾಟಿತು. ಎದುರಿನ ಹೋಟೆಲಿನವರು ಏನಾಯಿತೋ ಎಂದು ಓಡಿಬಂದು, ಟೀ ಮಾಡುವುದನ್ನೂ ಮರೆತು ಅರ್ಧ ಗಂಟೆ ನಮ್ಮೊಂದಿಗೇ ನಿಂತರು.

ಆ ದಿನದ ಬಗ್ಗೆ ಯೋಚಿಸಿದಾಗಲೆಲ್ಲ ಒಂದು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಅಷ್ಟು ಆಸೆಪಟ್ಟು ತಂದ ವಸ್ತುವನ್ನು ಯಾರಾದರೂ ಬೀಳಿಸಿದ್ದರೆ, ಅರ್ಧ ಗಂಟೆಯೂ ಕಳೆಯದೆ ಮತ್ತೆ ಅವರ ಕೈಗೇ ಕೊಡುವುದು ನನ್ನಿಂದ ಆಗುತ್ತಿತ್ತೇ? ನಿಜ ಹೇಳಬೇಕೆಂದರೆ, ಅವತ್ತಿನವರೆಗೆ ಆಗುತ್ತಿರಲಿಲ್ಲ. ಈಗ ಆಗುತ್ತದೆ.

— ಸುಮಾ, ಚನ್ನಗಿರಿ