ರನ್‌ವೇಯ ಹಿಮ ನೋಡುವ ಸೆರೈನಾ

ಸೆರೈನಾ ಕ್ಲಾವುವೊಟ್ ಕುಳಿತು ಕಾಫಿ ಕುಡಿದದ್ದನ್ನು ಈ ಚಳಿಗಾಲದಲ್ಲಿ ನಾವ್ಯಾರೂ ನೋಡಿಲ್ಲ. ಲೋಟ ಹಿಡಿದು ಕಿಟಕಿಯ ಬಳಿ ಹೋಗುತ್ತಾಳೆ, ರನ್‌ವೇ ನೋಡುತ್ತಾಳೆ, ತಿರುಗಿ ಬರುತ್ತಾಳೆ, ಮತ್ತೆ ಹೋಗುತ್ತಾಳೆ. ನಮ್ಮ ಎಂಗಡಿನ್ ಕಣಿವೆಯ ಈ ಸಣ್ಣ ವಿಮಾನ ನಿಲ್ದಾಣದಲ್ಲಿ ಹಿಮ ತೆಗೆಯುವ ತಂಡಕ್ಕೆ ಅವಳೇ ಮುಖ್ಯಸ್ಥೆ. ತೆಗೆದ ಮೇಲೆ ರನ್‌ವೇ ಎಷ್ಟು ಜಾರುತ್ತದೆ ಎಂದು ನಿಯಂತ್ರಣ ಗೋಪುರಕ್ಕೆ ತಿಳಿಸಬೇಕಾದವಳೂ ಅವಳೇ. ಆ ಮಾತನ್ನು ಗೋಪುರದವರು ಪೈಲಟ್‌ಗೆ ದಾಟಿಸುತ್ತಾರೆ. ಅದನ್ನು ಲೆಕ್ಕಕ್ಕೆ ಹಿಡಿದು, ಇಳಿಯಬೇಕೋ ಬೇಡವೋ ಎಂದು ಪೈಲಟ್ ತೀರ್ಮಾನಿಸುತ್ತಾನೆ.

ರನ್‌ವೇಯನ್ನು ಮೂರು ಭಾಗ ಮಾಡಿ ಪ್ರತಿಯೊಂದಕ್ಕೂ ದರ್ಜೆ ಕೊಡಬೇಕು. ಹಿಮದ ಬಗೆ, ದಪ್ಪ ನೋಡಿದರೆ ನಿಯಮವೇ ಒಂದು ದರ್ಜೆ ಹೇಳುತ್ತದೆ. ಒದ್ದೆ ಹಿಮಕ್ಕೆ 'ಮಧ್ಯಮ'. ಆಮೇಲೆ ಕಾರು ಓಡಿಸಿ ಬ್ರೇಕ್ ಒತ್ತಿ ನೋಡಬೇಕು. ನಿಯಮ ಹೇಳಿದ್ದಕ್ಕಿಂತ ಹೆಚ್ಚು ಜಾರಿದರೆ 'ಕಳಪೆ' ಎಂದು ಇಳಿಸಬಹುದು. ಅಳೆಯುವ ಯಂತ್ರ ಒದ್ದೆ ಹಿಮದಲ್ಲಿ ನಂಬುವಂಥದ್ದಲ್ಲ. ಕೊನೆಗೆ ಉಳಿಯುವುದು ಕಾಲಿನ ಅಂದಾಜು.

ಹೋದ ಚಳಿಗಾಲ ಒಂದು ದಿನ ಅವಳು ಮೂರು ಭಾಗಕ್ಕೂ 'ಮಧ್ಯಮ' ಎಂದಿದ್ದಳು. ಇಳಿದ ಜೆಟ್ ನಿಲ್ಲಲಿಲ್ಲ. ರನ್‌ವೇ ದಾಟಿ ಹೋಗಿ ಹಿಮದ ದಿಬ್ಬಕ್ಕೆ ಮೂಗು ತೂರಿಸಿತು, ಒಂದು ರೆಕ್ಕೆ ಮುರಿಯಿತು. ಬೆನ್ನುಮೂಳೆಗೆ ಪೆಟ್ಟಾದ ಸಹ-ಪೈಲಟ್ ಹುಡುಗಿ ಮತ್ತೆ ಹಾರಲಿಲ್ಲ. ಹಿಂಗಾಳಿ ಇತ್ತು, ಚಕ್ರ ತಡವಾಗಿ ನೆಲ ಮುಟ್ಟಿತು ಎಂದಿತು ವಿಚಾರಣೆ. ಸೆರೈನಾಳ ತಪ್ಪೆಂದು ಯಾರೂ ಹೇಳಲಿಲ್ಲ.

ಬೇಸಿಗೆಯಿಡೀ ಯೋಚಿಸಿ ತಪ್ಪನ್ನು ಅವಳೇ ಪತ್ತೆ ಮಾಡಿದಳು. ಈ ಕಣಿವೆಯಲ್ಲಿ ಹುಟ್ಟಿದವರು ಹಿಮದ ಮೇಲೆ ಬ್ರೇಕನ್ನು ಪೂರ್ತಿ ಒತ್ತುವುದೇ ಇಲ್ಲ. ಚಕ್ರ ಜಾರುವ ಮೊದಲೇ ಕಾಲು ತಾನಾಗಿ ಸಡಿಲವಾಗುತ್ತದೆ, ಕಾರು ನೆಟ್ಟಗೆ ನಿಲ್ಲುತ್ತದೆ, ಪರವಾಗಿಲ್ಲ ಅನ್ನಿಸುತ್ತದೆ. ಹಿಮ ಹೇಗಿದೆ ಎಂದು ಅಳೆಯಬೇಕಾದಲ್ಲಿ ಅವಳು ಅಳೆಯುತ್ತಿದ್ದದ್ದು ತನ್ನ ಅಭ್ಯಾಸವನ್ನು.

ತಿಳಿದದ್ದರಿಂದ ನೆಮ್ಮದಿ ಬರಲಿಲ್ಲ. ಈ ಸಲ ಹಿಮ ಬೀಳುತ್ತಲೇ ಎಲ್ಲವೂ ಜಾರುವಂತೆ ಕಂಡಿತು. ಎರಡು ಸಲ 'ಕಳಪೆ' ಎಂದಳು, ಎರಡು ಜೆಟ್‌ಗಳು ಜ್ಯೂರಿಕ್‌ಗೆ ತಿರುಗಿದವು, ಅತಿಥಿಗಳು ಬಾರದೆ ಹೋಟೆಲಿನವರು ರೇಗಿದರು.

ಹೊಸ ವರ್ಷದ ಹಿಂದಿನ ವಾರ, ಬೆಳಿಗ್ಗೆ ಒದ್ದೆ ಹಿಮ ಬಿದ್ದು ನಿಂತಿತ್ತು. ಲಂಡನ್ನಿನಿಂದ ಒಂದು ಜೆಟ್ ಬರುತ್ತಿತ್ತು. ಗೋಪುರದಲ್ಲಿ ಕೆಲಸ ಮಾಡುವ ದೂರಿ ಬೆಜ್ಜೋಲಾ ರೇಡಿಯೊದಲ್ಲಿ ಕೇಳಿದ. ಅವನೂ ಸೆರೈನಾಳೂ ಒಂದೇ ಶಾಲೆಯಲ್ಲಿ ಓದಿದವರು.

"ಏನ್ ಮಾರಾಯ್ತಿ, ಇವತ್ತೂ ಕಳಪೆನಾ? ಮುಂದಿನ್ಸಲ ನಿನ್ನ ಕಾರಿಂದ ಇಳಿಸಿ ಕೈಗೆ ಪೊರಕೆ ಕೊಡ್ತಾರೆ ನೋಡು."

"ಪೊರಕೆನಾದ್ರೂ ಸುಳ್ಳು ಹೇಳಲ್ಲ. ಸ್ವಲ್ಪ ತಡಿ."

ಎರಡು ಸಲ ಓಡಿಸಿ ನೋಡಿದಳು. ಕಾಲು ಹೇಳುತ್ತಿರುವುದು ಹಿಮವನ್ನೋ, ಹೋದ ವರ್ಷದ ನೆನಪನ್ನೋ ಗೊತ್ತಾಗಲಿಲ್ಲ. ಇಂಧನ ತುಂಬುವ ಟ್ಯಾಂಕರ್ ಪಕ್ಕ ನೂನೊ ನಿಂತಿದ್ದ. ಪೋರ್ಚುಗಲ್ಲಿನ ದಕ್ಷಿಣ ಕರಾವಳಿಯವನು, ಇಲ್ಲಿ ಅವನಿಗೆ ಎರಡನೇ ಚಳಿಗಾಲ. ಹಿಮದಲ್ಲಿ ಅವನು ಗಾಡಿ ಓಡಿಸುವುದನ್ನು ನೋಡಿ ನಗದವರಿಲ್ಲ. ಸೆರೈನಾ ಕಾರು ನಿಲ್ಲಿಸಿದಳು.

"ನೂನೊ, ಹತ್ತು. ನೀನು ಓಡಿಸು."

"ನಾನಾ? ಅಕ್ಕಾ, ಮೊನ್ನೆ ನನ್ನ ಡ್ರೈವಿಂಗ್ ನೋಡಿ ನೀವೇ ನಕ್ಕಿದ್ರಲ್ಲ."

"ಅದಕ್ಕೇ ಕರೀತಿರೋದು. ನಾನು ಅಂದಾಗ ಬ್ರೇಕ್ ಪೂರ್ತಿ ಒತ್ತು. ಬಿಡಬಾರದು."

"ಕಾರು ತಿರುಗಿದ್ರೆ?"

"ತಿರುಗ್ಲಿ. ಜಾಗ ಬೇಕಾದಷ್ಟಿದೆ."

ಮೊದಲ ಭಾಗದಲ್ಲಿ ಅವನು ಕಣ್ಣು ಕಿರಿದು ಮಾಡಿ ಒತ್ತಿದ. ಕಾರು ಅದುರಿತು, ಹಿಡಿಯಿತು, ನಿಂತಿತು. ನಡುವಿನ ಭಾಗದಲ್ಲೂ ಹಾಗೆಯೇ. ಸೆರೈನಾಳಿಗೆ ಆಶ್ಚರ್ಯವಾಯಿತು, ಅಲ್ಲಿ ಅವಳು 'ಕಳಪೆ' ಎನ್ನುವವಳಿದ್ದಳು. ಬೆಟ್ಟದ ನೆರಳು ಬೀಳುವ ಕೊನೆಯ ಭಾಗದಲ್ಲಿ ಮಾತ್ರ ಕಾರು ನಿಲ್ಲುವ ಗೋಜಿಗೇ ಹೋಗಲಿಲ್ಲ. ಅಡ್ಡಡ್ಡ ಜಾರುತ್ತಾ ಅಂಚಿನ ದೀಪಗಳನ್ನು ಒಂದೊಂದಾಗಿ ಹಿಂದೆ ಹಾಕಿತು. ನೂನೊ ತನ್ನ ಭಾಷೆಯಲ್ಲಿ ಅಮ್ಮನನ್ನು ಕರೆದ. ಅದೇ ಜಾಗದಲ್ಲಿ ಆಗಷ್ಟೇ ಸೆರೈನಾ ಎರಡು ಸಲ ನೆಟ್ಟಗೆ ನಿಲ್ಲಿಸಿದ್ದಳು.

"ಮಧ್ಯಮ, ಮಧ್ಯಮ, ಕಳಪೆ," ಎಂದು ಗೋಪುರಕ್ಕೆ ಹೇಳಿದಳು.

"ಕೊನೆ ಭಾಗದ ತನಕ ಯಾವನು ಬರ್ತಾನೆ? ಅಷ್ಟರೊಳಗೆ ನಿಂತಿರ್ತಾನೆ," ಎಂದ ದೂರಿ.

"ಹೋದ್ವರ್ಷ ಒಬ್ಬ ಬಂದಿದ್ದ."

ಅವಳು ಹೇಳಿದ್ದನ್ನು ದೂರಿ ಹಾಗೆಯೇ ಪೈಲಟ್‌ಗೆ ದಾಟಿಸಿದ. ಲಂಡನ್ ಜೆಟ್ ಒಂದು ಸುತ್ತು ಹಾಕಿ, ಲೆಕ್ಕ ನೋಡಿ, ಜ್ಯೂರಿಕ್‌ಗೆ ಹೋಯಿತು. ಅದರ ಹಿಂದೆಯೇ ಬಂದ ನಮ್ಮೂರಿನ ಸಣ್ಣ ಪ್ರೊಪೆಲ್ಲರ್ ವಿಮಾನ ಅದೇ ಮಾತು ಕೇಳಿಸಿಕೊಂಡು ಇಳಿದು, ನಡುವಿನ ಭಾಗದಲ್ಲೇ ನಿಂತಿತು.

"ನೋಡಿದ್ಯಾ, ನಿಂತ," ಎಂದ ದೂರಿ.

"ನಿಂತ. ಜೆಟ್ಟೂ ನಿಲ್ತಿತ್ತೋ ಏನೋ. ಅದು ನಂಗೂ ಗೊತ್ತಿಲ್ಲ, ನಿಂಗೂ ಗೊತ್ತಿಲ್ಲ."

ಮಧ್ಯಾಹ್ನ ಕ್ಯಾಂಟೀನಿನಲ್ಲಿ ನೂನೊ ಬಾರ್ಲಿ ಸೂಪಿನ ಮುಂದೆ ಕುಳಿತಿದ್ದಾಗ ಮತ್ತೆ ಹಿಮ ಶುರುವಾಯಿತು. ಸೆರೈನಾ ಬಾಗಿಲಲ್ಲೇ ನಿಂತು ಕಾರಿನ ಕೀಲಿ ಅವನ ಕಡೆ ಎಸೆದಳು.

"ಇನ್ಮೇಲೆ ಬ್ರೇಕ್ ನಿಂದು. ಪಕ್ಕದಲ್ಲಿ ನಾನಿರ್ತೀನಿ."

ನೂನೊ ಚಮಚ ಕೆಳಗಿಟ್ಟ. "ಸರಿ ಅಕ್ಕಾ. ಆದ್ರೆ ನಂಗೂ ಈ ಹಿಮ ಒಗ್ಗಿಬಿಟ್ರೆ?"

"ಒಗ್ಗಿದ ದಿನ ಹೇಳು," ಎಂದಳು ಸೆರೈನಾ. "ಬೇರೆಯವರನ್ನ ಹುಡುಕ್ತೀನಿ."