ಮೌನೇಶಣ್ಣ ಬಿಟ್ಟುಹೋದ ಏಳು ಸೊನ್ನೆ

ಇಲ್ಲ... ಬೇರೆ ಯಾರದೋ ಸುದ್ದಿ ಇರಬೇಕು ಅಂದುಕೊಂಡೆ.

ಬೆಳಿಗ್ಗೆ ಆರೂವರೆ.
ರಾಯಚೂರಿನ ಕ್ವಾರ್ಟರ್ಸಿನಲ್ಲಿ ಡ್ಯೂಟಿಗೆ ಹೊರಟು ಬೂಟಿನ ಲೇಸ್ ಕಟ್ಟುತ್ತಿದ್ದೆ.
ನಮ್ಮ ಗ್ಯಾಂಗಿನ ಮೇಸ್ತ್ರಿ ಫೋನ್ ಮಾಡಿದರು.
"ಮೌನೇಶ ತೀರಿಕೊಂಡನಪಾ..."
"ಯಾವ ಮೌನೇಶ್ರೀ?" ಅಂದೆ.
ನಮ್ಮಲ್ಲಿ ಇದ್ದದ್ದು ಒಬ್ಬನೇ ಮೌನೇಶ.

ದೇವದುರ್ಗದಲ್ಲಿ ತನ್ನ ಮನೆಯ ಕಟ್ಟೆಯ ಮೇಲೆ ಚಹಾ ಕುಡಿಯುತ್ತ ಕುಳಿತಿದ್ದನಂತೆ.
ಹಾಗೇ ಪಕ್ಕಕ್ಕೆ ವಾಲಿದನಂತೆ.
ಹಾರ್ಟ್ ಅಟ್ಯಾಕ್...
ಲೇಸ್ ಕಟ್ಟಿ ಮುಗಿಸಿದೆ. ಆಮೇಲೆ ಏನು ಮಾಡಬೇಕೋ ತಿಳಿಯಲಿಲ್ಲ. ಇನ್ನೊಂದು ಗಂಟು ಹಾಕಿದೆ.

ಅವನನ್ನು ಕಾಣದ ಗೆಳೆಯರಿಗೆ ಹೇಳುತ್ತೇನೆ.
ಮೌನೇಶಣ್ಣ ರೈಲ್ವೆ ಕೀಮನ್. ದಿನಾ ಸುತ್ತಿಗೆ ಹೆಗಲಿಗೆ ಹಾಕಿಕೊಂಡು ತನ್ನ ಬೀಟಿನ ಹಳಿಯನ್ನು ನಡೆದು ನೋಡುವವನು.
ನಾನು ರೆಸ್ಟ್ ಗಿವರ್. ಅಂದರೆ ಅವನ ವಾರದ ರಜೆಯ ದಿನ ಅವನ ಬೀಟ್ ನಡೆಯುವವನು.
ಆರು ದಿನ ಅವನದು, ಒಂದು ದಿನ ನನ್ನದು.
ಒಂದೇ ಹಳಿಯ ಮೇಲಿದ್ದರೂ ಇಬ್ಬರ ಮುಖ ಕೂಡುವುದು ಅಪರೂಪ.

ದೇವಸುಗೂರಿನ ಕಡೆ ನಮ್ಮ ಬೀಟಿನಲ್ಲಿ ಹಳೆಯ ಸೈಡಿಂಗ್ ಒಂದಿದೆ, ಮುಖ್ಯ ಹಳಿಯಿಂದ ಕವಲೊಡೆದ ಪಕ್ಕದ ಹಳಿ. ಕಲ್ಲಿದ್ದಲು ಗಾಡಿಗಳು ಅಲ್ಲಿ ಬ್ರೇಕ್ ಹಾಕುತ್ತ ಬರುತ್ತವೆ. ಆ ಭಾರಕ್ಕೆ ಹಳಿ ಸ್ವಲ್ಪ ಸ್ವಲ್ಪವೇ ಮುಂದಕ್ಕೆ ಜಾರುತ್ತದೆ.
ಜಾರದಂತೆ ತಡೆಯುವುದಕ್ಕೆ ಆ್ಯಂಕರ್... ಅಂಗೈಯಷ್ಟು ಕಬ್ಬಿಣ. ಹಳಿಯ ಅಡಿಯನ್ನು ಕಚ್ಚಿ ಹಿಡಿದು, ಕೆಳಗಿನ ಅಡ್ಡದಿಮ್ಮಿಗೆ ಆತು ನಿಲ್ಲುತ್ತದೆ.
ದಿಮ್ಮಿಗೂ ಅದಕ್ಕೂ ನಡುವೆ ಬೆರಳು ತೂರಿತೆಂದರೆ ಅದು ಇದ್ದೂ ಇಲ್ಲದ ಲೆಕ್ಕ. ಸುತ್ತಿಗೆಯಿಂದ ಹೊಡೆದು ಮತ್ತೆ ಕೂರಿಸಬೇಕು.

ಅವನ ಊರು ದೇವದುರ್ಗದಲ್ಲಿ ರೈಲೇ ಇಲ್ಲ.
"ಕಬ್ಬಿಣ ಎದ್ದು ಎಲ್ಲಿಗೆ ಹೋಗ್ತದಲೇ? ಅದನ್ನ ಕಾಯಾಕ ಸರ್ಕಾರ ನಿನಗ ಪಗಾರ ಕೊಡ್ತದೇನು?" ಅಂತ ಊರಿನ ಹಿರಿಯರು ನಗುತ್ತಿದ್ದರಂತೆ.
"ಎಳ್ಳಷ್ಟೆಳ್ಳಷ್ಟು ಹೋಗ್ತದ ಯಪ್ಪಾ. ಯಾರೂ ನೋಡಲಿಲ್ಲಂದ್ರ ಭಾಳ ದೂರ ಹೋಗ್ತದ," ಅನ್ನುತ್ತಿದ್ದನಂತೆ ಇವನು.

ನಮ್ಮಿಬ್ಬರ ಮಾತುಕತೆ ಎಲ್ಲ ಸೀಮೆಸುಣ್ಣದಲ್ಲಿ.
ಸಡಿಲವಿದ್ದು ಹೊಡೆದು ಕೂರಿಸಿದರೆ ದಿಮ್ಮಿಯ ಮೇಲೆ ಒಂದು ಗೆರೆ.
ಹೊಡೆಯುವುದು ಬಾಕಿ ಇದ್ದರೆ ಒಂದು ಸೊನ್ನೆ.
ಮರುದಿನ ಬಂದವನು ಹೊಡೆದು, ಆ ಸೊನ್ನೆಯ ಮೇಲೆ ಗೆರೆ ಎಳೆಯಬೇಕು. ನೋಡಿದ್ದೇನೆ ಅಂತ.
ಸೊನ್ನೆ ಬಿಡುತ್ತಿದ್ದದ್ದು ನಾನೇ. ಸೋಮಾರಿ...
ಅವನು ಒಂದನ್ನೂ ಬಿಟ್ಟವನಲ್ಲ.

ಮೌನೇಶಣ್ಣ...
ಮೊನ್ನೆ ಸಂಜೆ ನೀನು ಫೋನ್ ಮಾಡಿದ್ದೆ.
"ನಾಳಿ ಒಂದಿನ ನನ್ನ ಬೀಟ್ ನಡೀತಿಯೇನೋ ತಮ್ಮಾ? ಯಾಕೋ ಎದಿ ಹಿಡದಂಗ ಆಗ್ಯದ. ನಾಡ್ದು ನಿಂದು ನಾ ನಡೀತೀನಿ."
"ಮಾನ್ವಿಯಾಗ ಅದೀನಣ್ಣ, ಅಕ್ಕನ ಮನಿಯಾಗ. ಆಗಂಗಿಲ್ಲ," ಅಂದೆ.
"ಆಯ್ತು ಬಿಡು. ಗ್ಯಾಸ್ ಇರ್ಬೇಕು," ಅಂದೆ ನೀನು.

ಮಾನ್ವಿಯಲ್ಲಿ ನನಗೆ ಏನೂ ಕೆಲಸ ಇರಲಿಲ್ಲ.
ಮಿರ್ಚಿ ತಿನ್ನುತ್ತ ಟಿವಿ ನೋಡುತ್ತಿದ್ದೆ.
ರಾಯಚೂರಿಗೆ ಬಸ್ಸು ಇತ್ತು, ಅಣ್ಣ. ಬೇಕಾದಷ್ಟು ಬಸ್ಸು ಇತ್ತು.
ಇದನ್ನು ನಿನ್ನ ಮನೆಗೆ ಬಂದು ಅತ್ತಿಗೆಯ ಮುಂದೆ ಹೇಳುವ ಧೈರ್ಯ ನನಗಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಇವತ್ತು ಲೆಕ್ಕದ ಪ್ರಕಾರ ನಿನ್ನ ರಜೆ, ನನ್ನ ಸರದಿ.
ಮಧ್ಯಾಹ್ನ ಎರಡಕ್ಕೆ ದೇವದುರ್ಗದಲ್ಲಿ ಮಣ್ಣು ಅಂದರು.
ಆದರೆ ಬೀಟಿಗೆ ಬೇರೆ ಯಾರೂ ಇಲ್ಲವೆಂದು ಮೇಸ್ತ್ರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.
ಸುತ್ತಿಗೆ ತೆಗೆದುಕೊಂಡು ಹೊರಟೆ.
ಅಳು ಬರಲಿಲ್ಲ. ಈಗಲೂ ಬಂದಿಲ್ಲ. ಬಿಸಿಲಿತ್ತು... ನಡೆದೆ...

ಸೈಡಿಂಗಿನಲ್ಲಿ ಮೊದಲ ಸೊನ್ನೆ ಕಂಡಿತು.
ನಿನ್ನ ಕೈಬರಹ. ಆದರೆ ಸೊಟ್ಟ.
ಬೆರಳು ಹಾಕಿ ನೋಡಿದೆ, ಸಂದು ಇತ್ತು. ಹೊಡೆದೆ.
ಸ್ವಲ್ಪ ಮುಂದೆ ಇನ್ನೊಂದು... ಆಮೇಲೆ ಮತ್ತೊಂದು...
ಒಟ್ಟು ಏಳು.

ನಾಲ್ಕನೆಯದರ ಹತ್ತಿರ ಕುಳಿತುಬಿಟ್ಟೆ.
ಅಲ್ಲಿಯವರೆಗೂ ನನ್ನ ಮಂದ ಬುದ್ಧಿಗೆ ಹೊಳೆದಿರಲಿಲ್ಲ.
ನಿನ್ನೆ ನಿನಗೆ ಸುತ್ತಿಗೆ ಎತ್ತುವುದಕ್ಕೆ ಆಗಿರಲಿಲ್ಲ.
ಬಗ್ಗಿ ಒಂದೊಂದಕ್ಕೂ ಬೆರಳು ಹಾಕಿ ನೋಡಿದ್ದೀಯ, ಹೊಡೆಯಲು ಕೈ ಏಳಲಿಲ್ಲ.
ಸುಮ್ಮನೆ ಗೆರೆ ಎಳೆದು ಮನೆಗೆ ಹೋಗಬಹುದಿತ್ತಲ್ಲ... ಯಾರು ಕೇಳುತ್ತಿದ್ದರು ನಿನ್ನನ್ನು?

ಮೇಸ್ತ್ರಿಗೆ ಫೋನ್ ಮಾಡಿದೆ.
"ಗೊತ್ತದಪಾ," ಅಂದರು. "ನಿನ್ನಿ ಸಂಜಿಕ ಹೇಳೇ ಬಸ್ ಹತ್ತಿದ. 'ಏಳು ಬಿಟ್ಟೀನ್ರಿ, ನಾಳಿ ನನ್ನ ತಮ್ಮ ಬರ್ತಾನ, ನೋಡ್ಕೊಂತಾನ' ಅಂದ."

ನನ್ನ ತಮ್ಮ ಅಂದೆಯಂತೆ...
ಆಗಂಗಿಲ್ಲ ಅಂದವನನ್ನು.

ಎಲ್ಲ ಹೊಡೆದೆ.
ಆರರ ಮೇಲೆ ಗೆರೆ ಎಳೆದೆ.
ಏಳನೆಯದನ್ನು ಹಾಗೇ ಬಿಡೋಣ ಅನ್ನಿಸಿತು. ನಿನ್ನ ಕೈ ಬರೆದದ್ದು ಇನ್ನೇನೂ ಉಳಿಯುವುದಿಲ್ಲವಲ್ಲ ಅಂತ.
ಗಡಿಯಾರ ನೋಡಿದೆ. ಎರಡು ದಾಟಿತ್ತು. ದೇವದುರ್ಗದಲ್ಲಿ ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕುತ್ತಿರಬೇಕು.
ಸೊನ್ನೆ ಹಾಗೇ ಬಿಟ್ಟರೆ ನಾಳೆ ಬರುವವನು ಸಡಿಲ ಇದೆ ಅಂದುಕೊಳ್ಳುತ್ತಾನೆ. ನೀನಿದ್ದಿದ್ದರೆ ಬೈಯುತ್ತಿದ್ದೆ.
ಗೆರೆ ಎಳೆದೆ.

ನೋಡಿದೀನಣ್ಣ. ಏಳೂ ಬಿಗಿ ಅದಾವ.
ಈ ಸಲ ತಡವಾಗಿ ಬಂದೆ...
ನಿನ್ನ ಆತ್ಮ ತಣ್ಣಗಿರಲಿ.