ಬಾಗಿಲೊಳಗಿನ ಕತ್ತಲು

ಮನೆಯಲ್ಲೇ ದೊಡ್ಡದಾಗಿ ಸಿನಿಮಾ ನೋಡುವ ಹುಚ್ಚಿಗೆ ರೋಣದ ಅಂಗಡಿಗೆ ಹೋಗಿದ್ದೆ. ಅಂಗಡಿಯವರು ಎರಡು ಎಚ್‌ಡಿ ಪ್ರೊಜೆಕ್ಟರ್‌ಗಳಲ್ಲಿ, ನಾನು ಒಯ್ದಿದ್ದ ತಂಗಿಯ ಮದುವೆಯ ಡಿಸ್ಕನ್ನು ಒಂದೇ ಗೋಡೆಯ ಮೇಲೆ ಅಕ್ಕಪಕ್ಕ ಬಿಟ್ಟರು.

ಅಕ್ಷತೆ ಬೀಳುತ್ತಿತ್ತು. ಹಂದರದ ಹಿಂದಿದ್ದ ನಮ್ಮ ಮನೆಬಾಗಿಲು ಎಡಗಡೆಯ ಚಿತ್ರದಲ್ಲಿ ಬರೀ ಕಪ್ಪು. ಬಲಗಡೆ ಅದೇ ಕತ್ತಲಲ್ಲಿ ಅವ್ವ ನಿಂತಿದ್ದಳು. ಮುಷ್ಟಿಯಲ್ಲಿದ್ದ ಅಕ್ಕಿಯನ್ನು ಹೊಸ್ತಿಲ ಒಳಗೇ ಎಸೆದಳು.

ಗಂಡನಿಲ್ಲದವಳು ಶುಭಕಾರ್ಯದಲ್ಲಿ ಎದುರಿಗೆ ಬರಬಾರದೆಂದು, "ಒಳಗ ಇರಬೇ, ಮಂದಿ ಏನಂದಾರು" ಎಂದು ಅವತ್ತು ಗದರಿದವನು ನಾನೇ. ಈಗ ಅವ್ವ ಬದುಕಿರಲಿಲ್ಲ.

"ಬಲಗಡೇದು ಭಾಳ ಚಲೋ ಐತ್ರಿ. ಕತ್ತಲದಾಗಿಂದೂ ಎಲ್ಲಾ ಕಾಣ್ತೈತಿ," ಎಂದರು ಅಂಗಡಿಯವರು.

"ಎಡಗಡೇದು ಕೊಡ್ರಿ," ಎಂದೆ.